ಕಾರ್ಬನ್ ಡೈಆಕ್ಸೈಡ್‌ನಿಂದ ಪ್ಲಾಸ್ಟಿಕ್: ಬ್ಯಾಕ್ಟೀರಿಯಾ ರೆಡಿ ಇದೆ, ಹೈಡ್ರೋಜನ್ ದುಬಾರಿ

ನಿಮ್ಮ ಪ್ರಶ್ನೆ: "ಬ್ಯಾಕ್ಟೀರಿಯಾದ ಜೀನ್ ತಿದ್ದಿ, ಕಾರ್ಬನ್ ಡೈಆಕ್ಸೈಡ್‌ನಿಂದ ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಮಾಡಬಹುದು ಅಂತ ಓದಿದೆ. ನಿಜವಾ? ನಿಜವಾದರೆ ಅಂಗಡಿಗೆ ಯಾಕೆ ಬಂದಿಲ್ಲ? ಬಿ.ಎಸ್ಸಿ. ಮುಗಿಸಿ ಇದರಲ್ಲೇ ಮುಂದುವರಿಯಬಹುದಾ?"

ನಿಜ. ಜೀನ್ ತಿದ್ದದೆಯೂ ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ಇವೆ. 1926ರಲ್ಲೇ ಫ್ರಾನ್ಸಿನ ಮೊರೀಸ್ ಲೆಮ್ವಾನ್ ಅವರು ಬ್ಯಾಸಿಲಸ್ ಮೆಗಾಟೀರಿಯಂ ಎಂಬ ಬ್ಯಾಕ್ಟೀರಿಯಾದೊಳಗೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಪ್ಲಾಸ್ಟಿಕ್ಕನ್ನು ಗುರುತಿಸಿದ್ದರು. ಎಲ್ಲರೂ ಇದನ್ನು ಪಿಎಚ್‌ಬಿ ಅಂತಾರೆ. ಆದರೆ ನಿಮ್ಮ ಪ್ರಶ್ನೆಗೆ ಸರಿಹೊಂದುವುದು ಇನ್ನೊಂದು ಬ್ಯಾಕ್ಟೀರಿಯಾ, ಕುಪ್ರಿಯಾವಿಡಸ್ ನೆಕೇಟರ್. ಹಳೆಯ ಪುಸ್ತಕಗಳಲ್ಲಿ ರಾಲ್‌ಸ್ಟೋನಿಯಾ ಯೂಟ್ರೋಫಾ ಅಂತ ಇರುತ್ತದೆ. ಇದು ಮಣ್ಣಿನಲ್ಲಿ ಬದುಕುತ್ತದೆ. ಬೆಳಕು ಬೇಕಿಲ್ಲ. ಹೈಡ್ರೋಜನ್‌ನಿಂದ ಶಕ್ತಿ ಪಡೆದು, ಕಾರ್ಬನ್ ಡೈಆಕ್ಸೈಡ್‌ನಿಂದ ಮೈ ಕಟ್ಟಿಕೊಳ್ಳುತ್ತದೆ. ಸಾರಜನಕವೋ ರಂಜಕವೋ ಕಡಿಮೆ ಬಿದ್ದಾಗ ಅದಕ್ಕೆ ಬೆಳೆದು ಎರಡಾಗಲು ಆಗುವುದಿಲ್ಲ. ಆಗ ಸಿಕ್ಕ ಇಂಗಾಲವನ್ನೆಲ್ಲ ಪಿಎಚ್‌ಬಿ ಕಾಳುಗಳಾಗಿ ಕೂಡಿಡುತ್ತದೆ. ಒಣಗಿಸಿ ತೂಗಿದರೆ ಬ್ಯಾಕ್ಟೀರಿಯಾದ ತೂಕದಲ್ಲಿ ಶೇ. 80ರಷ್ಟು ಪ್ಲಾಸ್ಟಿಕ್ಕೇ ಇರಬಹುದು.

ನಾನು ಓದಿದ್ದು ಮೈಕ್ರೋಬಯಾಲಜಿ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ಪಿಎಚ್‌ಬಿ ನೋಡಬಹುದು. ಸ್ಲೈಡ್ ಮೇಲೆ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಸವರಿ ಸುಡಾನ್ ಬ್ಲ್ಯಾಕ್ ಎಂಬ ಬಣ್ಣ ಹಾಕಿ. ಆಮೇಲೆ ಸ್ಯಾಫ್ರನಿನ್ ಎಂಬ ಇನ್ನೊಂದು ಬಣ್ಣ ಹಾಕಿ, ಆಯಿಲ್ ಇಮ್ಮರ್ಷನ್ ಲೆನ್ಸಿನಲ್ಲಿ ನೋಡಿ. ಗುಲಾಬಿ ಕಡ್ಡಿಗಳಂಥ ಬ್ಯಾಕ್ಟೀರಿಯಾದೊಳಗೆ ಪಿಎಚ್‌ಬಿ ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಸಾರಜನಕ ಕಡಿಮೆ ಕೊಟ್ಟು ಬೆಳೆಸಿದ ಕಲ್ಚರ್ ಆದರೆ ಗುಲಾಬಿ ಅಂಚಷ್ಟೇ ಉಳಿದು ಒಳಗೆಲ್ಲ ಕಪ್ಪೇ. ಅದರ ಪಿಎಚ್‌ಬಿಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಸೋಸಿ, ಗಾಜಿನ ತಟ್ಟೆಯಲ್ಲಿ ಆರಲು ಬಿಟ್ಟರೆ ಮಸುಕು ಬಿಳಿ ಹಾಳೆಯೊಂದು ಎದ್ದು ಬರುತ್ತದೆ. (ಫ್ಯೂಮ್ ಹುಡ್‌ನಲ್ಲಿ ಮಾತ್ರ ಮಾಡಿ, ಮೇಷ್ಟ್ರು ಜೊತೆಗಿರಲಿ.) ಹಾಳೆಯನ್ನು ಮಡಚಿ ನೋಡಿ, ಪಟ್ಟಂತ ಮುರಿಯುತ್ತದೆ.

ಜೀನ್ ತಿದ್ದುವವರ ಕೆಲಸ ಮುಖ್ಯವಾಗಿ ಶುರುವಾಗುವುದು ಇಲ್ಲಿಂದ. ಬರೀ ಪಿಎಚ್‌ಬಿ ತುಂಬಾ ಪೆಡಸು. ಕರಗುವ ಉಷ್ಣತೆ ಸುಮಾರು 175 ಡಿಗ್ರಿ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಪ್ಲಾಸ್ಟಿಕ್ಕಿನ ಅಣುಗಳ ಸರಪಳಿಯೇ ಕಡಿದುಹೋಗುತ್ತದೆ. ಹಾಗಾಗಿ ಅಚ್ಚು ಹಾಕುವುದೂ ಕಷ್ಟ. ಈ ಸರಪಳಿ ಕಟ್ಟುವುದು ಮೂರು ಎನ್‌ಜೈಮುಗಳು. ಕೊನೆಯದರ ಜಾಗಕ್ಕೆ ಬೇರೆ ಬ್ಯಾಕ್ಟೀರಿಯಾದ ಎನ್‌ಜೈಮ್ ತಂದರೆ, ಉದ್ದ ಬಾಲದ ಕೊಂಡಿಗಳೂ ನಡುನಡುವೆ ಸೇರಿಕೊಳ್ಳುತ್ತವೆ. ಆಗ ಪ್ಲಾಸ್ಟಿಕ್ ಬಾಗುತ್ತದೆ. ಜಪಾನಿನ ಕನೇಕಾ ಕಂಪನಿ ಇಂಥ ಪ್ಲಾಸ್ಟಿಕ್ಕನ್ನು ತಯಾರಿಸಿ ಮಾರುತ್ತಿದೆ. ಅದರಿಂದ ಮಾಡಿದ ಸ್ಟ್ರಾಗಳು ಅಲ್ಲಿನ ಅಂಗಡಿಗಳಲ್ಲಿವೆ. ಆದರೆ ಗಮನಿಸಿ, ಅಲ್ಲಿ ಬ್ಯಾಕ್ಟೀರಿಯಾಗೆ ಕೊಡುತ್ತಿರುವುದು ಸಸ್ಯದ ಎಣ್ಣೆ.

ಕಾರ್ಬನ್ ಡೈಆಕ್ಸೈಡ್ ಬಿಟ್ಟಿ ಸಿಗುತ್ತದಲ್ವಾ, ಎಣ್ಣೆ ಯಾಕೆ? ಎಲ್ಲ ತೊಡಕೂ ಇರುವುದು ಈ ಪ್ರಶ್ನೆಯಲ್ಲೇ. ಕಾರ್ಬನ್ ಡೈಆಕ್ಸೈಡ್ ಅಂದರೆ ಒಲೆಯ ಬೂದಿ ಇದ್ದ ಹಾಗೆ. ಉರಿದು ಮುಗಿದಿದೆ, ಶಕ್ತಿ ಉಳಿದಿಲ್ಲ. ಆ ಶಕ್ತಿಯನ್ನು ಹೊರಗಿನಿಂದ ನಾವೇ ತುಂಬಬೇಕು. 1990ರ ದಶಕದಲ್ಲಿ ಜಪಾನಿನ ಇಷಿಜಾಕಿ ಮತ್ತು ತನಾಕಾ ಇದನ್ನು ಅಳೆದರು. ಪಿಎಚ್‌ಬಿಯ ಒಂದು ಕೊಂಡಿಗೆ 4 ಕಾರ್ಬನ್ ಡೈಆಕ್ಸೈಡ್ ಅಣು ಸಾಕು, ಆದರೆ ಹೈಡ್ರೋಜನ್ ಅಣು 33 ಬೇಕು. ಬರೀ ರಸಾಯನ ಶಾಸ್ತ್ರದ ಲೆಕ್ಕದಲ್ಲಿ 9 ಸಾಕಿತ್ತು. ಮಿಕ್ಕಿದ್ದನ್ನು ಬ್ಯಾಕ್ಟೀರಿಯಾ ತನ್ನ ಶಕ್ತಿಗಾಗಿ ಆಮ್ಲಜನಕದ ಜೊತೆ ಸೇರಿಸಿ ನೀರು ಮಾಡಿಬಿಡುತ್ತದೆ.

ಈಗ ತೂಕಕ್ಕೆ ಬನ್ನಿ. 1 ಕೆ.ಜಿ. ಪ್ಲಾಸ್ಟಿಕ್ಕಿಗೆ ಸುಮಾರು 2 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಮುಕ್ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಹೈಡ್ರೋಜನ್. ನೀರನ್ನು ಒಡೆದು 1 ಕೆ.ಜಿ. ಹೈಡ್ರೋಜನ್ ಪಡೆಯಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅಂದರೆ ಹೈಡ್ರೋಜನ್‌ಗೇ ಸುಮಾರು 40 ಯೂನಿಟ್. ನಮ್ಮ ದೇಶದ ಗ್ರಿಡ್ ಕರೆಂಟ್ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಾಗಾದರೆ 2 ಕೆ.ಜಿ. ಹಿಡಿಯಲು 28 ಕೆ.ಜಿ. ಬಿಟ್ಟಂತಾಯಿತು! ಬಿಸಿಲು ಅಥವಾ ಗಾಳಿಯ ಕರೆಂಟ್ ಇಲ್ಲದೆ ಈ ಕೆಲಸಕ್ಕೆ ಅರ್ಥವೇ ಇಲ್ಲ. "ಗಾಳಿಯಿಂದ ಪ್ಲಾಸ್ಟಿಕ್" ಅಂತ ಸುದ್ದಿ ಬರೆಯುವವರು ಈ ಲೆಕ್ಕ ಕೊಡದೇ ಇರುವುದು ನನಗೆ ನಿಜಕ್ಕೂ ಬೇಸರ.

ಇನ್ನೊಂದು ಕಷ್ಟವೂ ಇದೆ. ಹೈಡ್ರೋಜನ್, ಆಮ್ಲಜನಕ ಎರಡೂ ಒಂದೇ ಟ್ಯಾಂಕಿನಲ್ಲಿದ್ದರೆ ಸಿಡಿಯುವ ಅಪಾಯ. ತನಾಕಾ ತಂಡ ಆಮ್ಲಜನಕವನ್ನು ಶೇ. 6.9ಕ್ಕಿಂತ ಕಡಿಮೆ ಇಟ್ಟುಕೊಂಡೇ 40 ಗಂಟೆಯಲ್ಲಿ ಲೀಟರಿಗೆ 61.9 ಗ್ರಾಂ ಪಿಎಚ್‌ಬಿ ತೆಗೆದಿತ್ತು. ಸಣ್ಣ ಸಾಧನೆಯಲ್ಲ ಅದು. ಆದರೆ ಹೈಡ್ರೋಜನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ದೊಡ್ಡ ಟ್ಯಾಂಕಿನಲ್ಲಿ ಕಲಕುವುದೇ ದೊಡ್ಡ ಖರ್ಚು.

ನನಗೆ ಹೆಚ್ಚು ಭರವಸೆ ಇರುವುದು ಫಾರ್ಮಿಕ್ ಆಸಿಡ್ ದಾರಿಯ ಮೇಲೆ. ಕರೆಂಟ್‌ನಿಂದ ಕಾರ್ಬನ್ ಡೈಆಕ್ಸೈಡನ್ನು ಮೊದಲು ಫಾರ್ಮಿಕ್ ಆಸಿಡ್ ಮಾಡಿ, ಅದನ್ನು ಇದೇ ಬ್ಯಾಕ್ಟೀರಿಯಾಗೆ ಕೊಡುವುದು. ಅದು ನೀರಲ್ಲಿ ಸುಲಭವಾಗಿ ಬೆರೆಯುತ್ತದೆ, ಸಿಡಿಯುವ ಭಯವಿಲ್ಲ, ಹಗಲು ಮಾಡಿಟ್ಟು ರಾತ್ರಿ ಬಳಸಬಹುದು. ಕೊರಿಯಾದ ಕೈಸ್ಟ್ ಸಂಸ್ಥೆಯವರು 2023ರಲ್ಲಿ ಎರಡನ್ನೂ ಜೋಡಿಸಿ ತೋರಿಸಿದರು. ನೇರ ಬಿಸಿಲಲ್ಲೇ ಬೆಳೆಯುವ ಸಯನೋಬ್ಯಾಕ್ಟೀರಿಯಾ ದಾರಿಯೂ ಇದೆ. 2020ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನವರು ಒಂದು ನಿಯಂತ್ರಕ ಪ್ರೋಟೀನ್ ತೆಗೆದುಹಾಕಿ ಪಿಎಚ್‌ಬಿಯನ್ನು ಭಾರಿ ಏರಿಸಿದರು. ಆದರೆ ಅವು ತೀರಾ ನಿಧಾನ.

ಕೊಳೆಯುವ ವಿಷಯ: ಪಿಎಚ್‌ಬಿ ಸಾಮಾನ್ಯ ಮಣ್ಣಿನಲ್ಲೂ ಸಮುದ್ರದಲ್ಲೂ ಕೊಳೆಯುತ್ತದೆ. ಪಿಎಲ್‌ಎ (ಜೋಳದಂಥ ಬೆಳೆಯ ಸಕ್ಕರೆಯಿಂದ ಮಾಡುವ ಇನ್ನೊಂದು ಪ್ಲಾಸ್ಟಿಕ್) ಹಾಗಲ್ಲ, ಅದಕ್ಕೆ 60 ಡಿಗ್ರಿ ಹತ್ತಿರದ ಕಾಂಪೋಸ್ಟ್ ಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ಮತ್ತೆ, ಪಿಎಚ್‌ಬಿ ಕೊಳೆತಾಗ ಒಳಗಿನ ಇಂಗಾಲ ವಾಪಸ್ ಹೊರಗೆ ಹೋಗುತ್ತದೆ. ಇದರಿಂದ ಆಗುವ ಲಾಭ ಎಂದರೆ ಪೆಟ್ರೋಲಿಯಂ ಉಳಿಯುವುದು, ಮತ್ತು ಚರಂಡಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಸಾಂಪ್ರದಾಯಿಕ ಪ್ಲಾಸ್ಟಿಕ್ ಸೇರುವುದು ತಪ್ಪುವುದು. ಅದು ಸಾಕಷ್ಟು ದೊಡ್ಡ ಲಾಭವೇ.

ಇನ್ನು ನಿಮ್ಮ ಓದು. ಖಂಡಿತ ಬನ್ನಿ. ಆದರೆ ಸುಮ್ನೆ ಜೀನ್ ಕ್ಲೋನಿಂಗ್ ಒಂದನ್ನೇ ಕಲಿತು ನಿಲ್ಲಬೇಡಿ. ಎಲೆಕ್ಟ್ರೋಕೆಮಿಸ್ಟ್ರಿ ಕಲಿಯಿರಿ. ಫರ್ಮೆಂಟರ್ (ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕ್) ಓಡಿಸಲು, ಗ್ಯಾಸ್ ನೀರಿಗೆ ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆಯಲು ಕಲಿಯಿರಿ. ನಮ್ಮ ರಾಜ್ಯದ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಘಟಕಗಳಲ್ಲಿ, 1 ಕೆ.ಜಿ. ಎಥೆನಾಲ್ ಜೊತೆ ಹೆಚ್ಚುಕಡಿಮೆ ಅಷ್ಟೇ ಕಾರ್ಬನ್ ಡೈಆಕ್ಸೈಡ್, ಅದೂ ಬಹುತೇಕ ಶುದ್ಧವಾಗಿ ಹೊರಬರುತ್ತದೆ. ಪಾವಗಡದಂಥ ಕಡೆ ಬಿಸಿಲಿನ ಕರೆಂಟ್ ಇದೆ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಲ್ಯಾಬ್ ಹುಡುಕುವಾಗ, ಈ ಎರಡನ್ನೂ ಒಂದು ಟ್ಯಾಂಕಿಗೆ ತರಲು ಕೆಲಸ ಮಾಡುವವರನ್ನು ಹುಡುಕಿ.