ಅಮೃತಬಳ್ಳಿ ಕಷಾಯ ದಿನಾ ಕುಡಿಯಬಹುದಾ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ಶುಗರ್ ಮಾತ್ರೆ ತಗೋತಾರೆ. ಮೂರು ತಿಂಗಳಿಂದ ದಿನಾ ಒಂದು ಲೋಟ ಅಮೃತಬಳ್ಳಿ ಕಷಾಯವನ್ನೂ ಕುಡಿಯುತ್ತಿದ್ದಾರೆ. ಪರವಾಗಿಲ್ವಾ? – ಓದುಗರು, ಮದ್ದೂರು

ಉತ್ತರ: ಕಷಾಯ ಸದ್ಯಕ್ಕೆ ನಿಲ್ಲಿಸಲಿ. ಮಾತ್ರೆ ಮಾತ್ರ ಬಿಡಬಾರದು. ಈ ಬಳ್ಳಿಯೂ ಸಕ್ಕರೆ ಇಳಿಸುತ್ತದೆ. ಎರಡೂ ಸೇರಿದರೆ ಜಾಸ್ತಿಯೇ ಇಳಿಯಬಹುದು. ಮೈಸೂರಿನ ಗ್ರಂಥಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಕೂತ ನಾನೇ ಈ ತಪ್ಪು ಮಾಡಿದ್ದೇನೆ. ದೇವರಾಜ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಆರಿಸುವಾಗ ಕೈ ನಡುಗಿ, ಬೆವರು ಕಿತ್ತುಕೊಂಡು ಬಂತು. ಆ ಹಣ್ಣೇ ಕಾಪಾಡಿತು ಅನ್ನಿ!

ಜ್ವರ ಬಂದಾಗ ನಾಲ್ಕು ದಿನ ಕುಡಿಯುವುದು ನಮ್ಮಲ್ಲಿ ಹಳೆ ರೂಢಿ. ತಿಂಗಳುಗಟ್ಟಲೆ ಕುಡಿಯುವುದು ಕೊರೊನಾ ಕಾಲದ ಹುಚ್ಚು. ಆಗಲೇ, 2020ರಲ್ಲಿ, ಇದನ್ನು ಸೇವಿಸಿದ 6 ಜನರಿಗೆ ಲಿವರ್ ತೊಂದರೆಯಾಗಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಗಿಡವೇ ಬೇರೆ ಇರಬಹುದು ಎಂದಿತು. ಆ ಮಾತಿನಲ್ಲೂ ಹುರುಳಿದೆ. ಅಮೃತಬಳ್ಳಿಯ ಕಾಂಡದ ಸಿಪ್ಪೆ ಕಾಗದದಂತೆ ತೆಳು, ಉಗುರಲ್ಲಿ ಕೆರೆದರೆ ಒಳಗೆ ಹಸಿರು. ಅದರ ದಾಯಾದಿ ಬಳ್ಳಿಯ ಕಾಂಡದ ತುಂಬ ಗಂಟುಗಂಟು. ಎಲೆ ಎರಡಕ್ಕೂ ಹೃದಯದಾಕಾರವೇ, ಸುಮ್ನೆ ಎಲೆ ನೋಡಿ ಕೀಳಬೇಡಿ.

ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೇಗೂ ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿ. ಕಷಾಯದ ವಿಷಯ ಡಾಕ್ಟರಿಗೆ ಹೇಳಿ. ಗರ್ಭಿಣಿಯರು, ಸಂಧಿವಾತಕ್ಕೆ ಔಷಧಿ ತಗೊಳ್ಳುವವರು ಮನೆಯಲ್ಲಿದ್ದರೆ ಅವರಿಗಂತೂ ಬೇಡ.