ಜೆಕಿಲ್ ಮತ್ತು ಹೈಡ್: ಒಂದೇ ಮೈಯಲ್ಲಿ ಇಬ್ಬರೇ, ಒಬ್ಬನೇ?

ಒಬ್ಬನೇ, ಅಂತ ನನ್ನ ಉತ್ತರ. ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಈ ಕಥೆಯಲ್ಲಿ ನೆನಪು ಎಲ್ಲೂ ತುಂಡಾಗುವುದಿಲ್ಲ. ಹೈಡ್ ಮಾಡಿದ್ದೆಲ್ಲ ಡಾಕ್ಟರ್ ಜೆಕಿಲ್‌ಗೆ ಗೊತ್ತು. ತನ್ನ ಮರ್ಯಾದೆಗೆ ಧಕ್ಕೆ ಬಾರದಂತೆ ಕೆಟ್ಟ ಆಸೆಗಳನ್ನು ತೀರಿಸಿಕೊಳ್ಳಲು, ತನ್ನನ್ನು ಹೈಡ್ ಆಗಿ ಬದಲಿಸುವ ಮದ್ದನ್ನು ಗೊತ್ತಿದ್ದೇ ಕುಡಿಯುತ್ತಾನೆ. ಹೈಡ್ ಅವನ ಪಾಲಿಗೆ ಒಂದು ವೇಷ.

ಇದಕ್ಕೆ ಸುಳಿವು ಕಥೆಯೊಳಗೇ ಇದೆ. ವಕೀಲ ಅಟರ್‌ಸನ್‌ನ ಗುಮಾಸ್ತ ಜೆಕಿಲ್, ಹೈಡ್ ಇಬ್ಬರ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಬರವಣಿಗೆ ಹೆಚ್ಚುಕಡಿಮೆ ಒಂದೇ, ಅಕ್ಷರ ವಾಲಿದ ಕಡೆ ಮಾತ್ರ ಬೇರೆ! ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು.

ಆಮೇಲೆ ಹಿಡಿತ ತಪ್ಪುತ್ತದೆ. ಜೆಕಿಲ್ ಆಗಿ ಮಲಗಿದವನು ಬೆಳಿಗ್ಗೆ ಕಣ್ಣುಬಿಟ್ಟರೆ ಹೊದಿಕೆಯ ಮೇಲೆ ನರ ಉಬ್ಬಿದ, ಕೂದಲು ತುಂಬಿದ ಹೈಡ್‌ನ ಕೈ. ತಾನು ಬರೆದಿಟ್ಟ ತಪ್ಪೊಪ್ಪಿಗೆಯ ಕೊನೆಕೊನೆಗೆ ಅವನು ಹೈಡ್‌ನನ್ನು 'ಅವನು' ಎನ್ನತೊಡಗುತ್ತಾನೆ, 'ನಾನು' ಎನ್ನಲು ಬಾಯಿ ಬಾರದು.

ನಮ್ಮ 'ಆಪ್ತಮಿತ್ರ'ದ (2004) ಗಂಗಾ ಹಾಗಲ್ಲ. ನಾಗವಲ್ಲಿಯಾಗಿ ತಾನು ಏನು ಮಾಡಿದೆ ಎಂಬುದೇ ಅವಳಿಗೆ ತಿಳಿಯದು. ಒಂದೇ ದೇಹದಲ್ಲಿ ಇಬ್ಬರು ಎನ್ನುವ ಮಾತು ಅವಳಿಗೆ ಹೆಚ್ಚು ಒಪ್ಪುತ್ತದೆ. ನಿಜಜೀವನದ ಬಹುವ್ಯಕ್ತಿತ್ವದ ಕಾಯಿಲೆಯಲ್ಲೂ ಇಂಥ ನೆನಪಿನ ಕಂದಕವೇ ಮುಖ್ಯ ಲಕ್ಷಣ. ಅದರ ಹಿಂದೆ ಹೆಚ್ಚಾಗಿ ಬಾಲ್ಯದ ತೀವ್ರ ಹಿಂಸೆ ಇರುತ್ತದೆ. ಅಂಥವರನ್ನು 'ಜೆಕಿಲ್-ಹೈಡ್' ಎಂದು ಕರೆಯುವುದು ದೊಡ್ಡ ಅನ್ಯಾಯ.