ಹುಲಿ ಯಾವುದರ ಸಂಕೇತ ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಡಿ

ಹಡಗು ಮುಳುಗಿದ ಮೇಲೆ ಪೈ ಅನ್ನೋ ಹುಡುಗ ಒಂದು ಹುಲಿಯ ಜೊತೆ ದೋಣಿಯಲ್ಲಿ ಸಮುದ್ರದಲ್ಲಿ ಸಿಕ್ಕಿಕೊಳ್ಳೋ ಸಿನಿಮಾ ‘ಲೈಫ್ ಆಫ್ ಪೈ’ (2012). ಅದರ ವಿಶ್ಲೇಷಣೆಗೆ ನೀವು ಹಾಕಿಕೊಂಡಿರೋ ಚೌಕಟ್ಟು ನೋಡಿದೆ: ಹುಲಿ ಅಂದ್ರೆ ಏನು, ದೋಣಿ ಅಂದ್ರೆ ಏನು, ದ್ವೀಪ ಅಂದ್ರೆ ಏನು, ಕೊನೆಗೆ ಸೌಂಡ್ ಬಗ್ಗೆ ಒಂದು ಪ್ಯಾರಾ. ನಾನು ಮೊದಲ ಸಲ ಬರೆದದ್ದೂ ಥೇಟ್ ಇದೇ. ಎರಡು ಕಾಲಂ, ಎಡಕ್ಕೆ ವಸ್ತು, ಬಲಕ್ಕೆ ಅರ್ಥ. ಹುಲಿ: ಭಯ. ಸಮುದ್ರ: ಬದುಕು. ದ್ವೀಪ: ಆಮಿಷ. ಹದಿನಾಲ್ಕು ಸಾಲು ತುಂಬಿಸಿದ್ದೆ, ಒಂದೂ ನಿಲ್ಲಲಿಲ್ಲ.

ಯಾಕೆ ಅಂದ್ರೆ, ಆ ಪಟ್ಟಿಯನ್ನ ಸಿನಿಮಾನೇ ಮಾಡಿ ಕೊಡುತ್ತೆ. ಪ್ರಾಣಿಗಳ ಕಥೆಯನ್ನ ನಂಬದವರಿಗೆ ಪೈ ಆಸ್ಪತ್ರೆಯ ಹಾಸಿಗೆಯಲ್ಲಿ ಬರೀ ಮನುಷ್ಯರಿರೋ ಎರಡನೇ ಕಥೆ ಹೇಳಿರ್ತಾನೆ. ವರ್ಷಗಳ ನಂತರ ದೊಡ್ಡವನಾದ ಪೈ ಬಾಯಲ್ಲಿ ಅದನ್ನ ಕೇಳಿದ ಲೇಖಕನೊಬ್ಬ ತಾನೇ ಲೆಕ್ಕ ಹೊಂದಿಸ್ತಾನೆ: ಜೀಬ್ರಾ ನಾವಿಕ, ಒರಾಂಗುಟಾನ್ ತಾಯಿ, ಕತ್ತೆಕಿರುಬ ಅಡುಗೆಯವನು, ಹುಲಿ ಪೈ. ಆ ಪಟ್ಟಿ ಹಿಡಿದು ನಾನು ಬರೆದ ಎಂಟು ಪುಟ, ಆ ಪಾತ್ರ ಅರ್ಧ ನಿಮಿಷದಲ್ಲಿ ಹೇಳಿದ್ದರ ನಕಲು. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಕೀಲಿಕೈ ಕೊಟ್ಟ ಮರುಕ್ಷಣವೇ ಸಿನಿಮಾ ಅದನ್ನ ವಾಪಸ್ ಕಿತ್ತುಕೊಳ್ಳುತ್ತೆ, ನಿನಗೆ ಯಾವ ಕಥೆ ಇಷ್ಟ ಅಂತ ಕೇಳುತ್ತೆ. ಅಂದ್ರೆ ‘ಇದಕ್ಕೆ ಇದು ಸಮ’ ಅನ್ನೋ ಲೆಕ್ಕವನ್ನೇ ಅದು ಅನುಮಾನಿಸ್ತಿದೆ. ನಾನು ಅದೇ ಲೆಕ್ಕವನ್ನ ತೀರ್ಪು ಅಂತ ಬರೆದುಕೊಟ್ಟೆ.

ಜೊತೆಗೆ ಅರ್ಥ ಒಂದೇ ಕಡೆ ಕೂರೋದೂ ಇಲ್ಲ. ಹುಲಿ ಆಡನ್ನ ಕೊಲ್ಲೋದನ್ನ ಅಪ್ಪ ಪೈಗೆ ತೋರಿಸೋ ದೃಶ್ಯದಲ್ಲಿ ಅವನು ಹೇಳೋದು, ಹುಲಿಯ ಕಣ್ಣಲ್ಲಿ ನಿನಗೆ ಕಾಣೋದು ನಿನ್ನದೇ ಭಾವನೆ ಅಂತ. ಅಲ್ಲಿ ಹುಲಿ ಕನ್ನಡಿ. ದೋಣಿಯಲ್ಲಿ ಅದು ಹೊಟ್ಟೆಗೆ ಹಾಕದಿದ್ರೆ ನಿಮ್ಮನ್ನೇ ತಿನ್ನೋ ಪ್ರಾಣಿ. ಮೆಕ್ಸಿಕೋ ದಡದಲ್ಲಿ, ತಿರುಗಿಯೂ ನೋಡದೆ ಹೋದವನು. ‘ಹುಲಿ = ಭಯ’ ಅಂತ ಬರೆದ್ರೆ ಈ ಮೂರರ ನಡುವಿನ ಓಡಾಟವೇ ಕಾಣೆ. ಆ ಓಡಾಟವೇ ನಿಮ್ಮ ವಿಷಯ.

ಹಾಗಾಗಿ ಉಲ್ಟಾ ಶುರು ಮಾಡಿ, ಸೌಂಡಿನಿಂದ. ಈ ಸಿನಿಮಾಕ್ಕಂತೂ ಬೇರೆ ದಾರಿ ಇಲ್ಲ ಅನ್ನೋದು ನನ್ನ ಹಟ. ಹುಲಿ ಬಹುಪಾಲು ಶಾಟುಗಳಲ್ಲಿ ಕಂಪ್ಯೂಟರಿನದು, ಸಮುದ್ರ ತೈವಾನಿನ ತೈಚುಂಗ್‌ನಲ್ಲಿ ಕಟ್ಟಿದ ಅಲೆಗಳ ತೊಟ್ಟಿ. ಇಲ್ಲದ ಹುಲಿ ಉಸಿರಾಡೋದಿಲ್ಲ. ಕೇಳೋ ಒಂದೊಂದು ಉಸಿರನ್ನೂ ಯಾರೋ ಆಮೇಲೆ ಯೋಚಿಸಿ ಅಲ್ಲಿ ಕೂರಿಸಿದ್ದಾರೆ.

ಕೆಲಸದ ಕ್ರಮ ಹೀಗಿರಲಿ. ಒಂದು ಸಲ ನಿಲ್ಲಿಸದೆ ಪೂರ್ತಿ ನೋಡಿ, ಪೆನ್ ಮುಟ್ಟಬೇಡಿ. ಆಮೇಲೆ ನಾಲ್ಕೇ ದೃಶ್ಯ ಆರಿಸಿ, ತಲಾ ಮೂರರಿಂದ ಐದು ನಿಮಿಷ. ಪ್ರತಿ ದೃಶ್ಯಕ್ಕೂ ಮೊದಲು ಸ್ಕ್ರೀನ್ ಮುಚ್ಚಿ ಬರೀ ಕೇಳಿ, ನಂತರ ಮ್ಯೂಟ್ ಮಾಡಿ ಬರೀ ನೋಡಿ, ಕೊನೆಗೆ ಎರಡೂ ಸೇರಿಸಿ. ಬರೆದುಕೊಳ್ಳಬೇಕಾದ್ದು: ನಿಮಿಷ-ಸೆಕೆಂಡು, ಕಂಡದ್ದು, ಕೇಳಿದ್ದು, ಆ ಶಬ್ದ ಪೈಗೂ ಕೇಳ್ತಿದೆಯಾ ಅಥವಾ ನಮಗೆ ಮಾತ್ರವಾ, ಕಟ್‌ಗಿಂತ (ಒಂದು ಶಾಟಿನಿಂದ ಇನ್ನೊಂದಕ್ಕೆ ಬದಲಾಗೋ ಕ್ಷಣ) ಮುಂಚೆ ಶುರುವಾಯ್ತಾ ಆಮೇಲಾ. ದೊಡ್ಡ ಪೈ, ಅಂದ್ರೆ ಇರ್ಫಾನ್ ಖಾನ್ ದನಿಯ ನಿರೂಪಣೆ ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತಿಗೆ ಮರಳುತ್ತೆ ಅನ್ನೋದೂ ಇರಲಿ.

ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಗುರುಗುಟ್ಟುವಿಕೆಯ ತಳದ ಭಾಗ ಅದರಲ್ಲಿ ಬರೋದೇ ಇಲ್ಲ. ಟಿವಿಯ ನೈಟ್ ಮೋಡ್ ತೆಗೀರಿ, ಅದು ಜೋರನ್ನೂ ಮೆಲುದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತೆ. ಡಬ್ ಆದ ಆವೃತ್ತಿ ಬೇಡ, ಮಾತಿನ ಜೊತೆ ಮಿಕ್ಸಿಂಗೂ ಬದಲಾಗಿರಬಹುದು. ಮೈಕೆಲ್ ಡಾನಾಗೆ ಸಂಗೀತಕ್ಕೆ ಆಸ್ಕರ್ ಬಂತು ಅನ್ನೋದು ಮಾಹಿತಿ, ವಿಶ್ಲೇಷಣೆ ಅಲ್ಲ. ಒಂದು ಸಾಲು ಸಾಕು.

ಆರಂಭದ ಜೋಗುಳ ಬಿಡಬೇಡಿ. ಮೃಗಾಲಯದ ಪ್ರಾಣಿಗಳು ಒಂದೊಂದಾಗಿ ಕಾಣುವಾಗ ಬಾಂಬೆ ಜಯಶ್ರೀ ತಮಿಳಿನಲ್ಲಿ ಹಾಡ್ತಾರೆ. ಬೆಳೆಯೋ ಹುಡುಗನ ಕಥೆ ಮಲಗಿಸೋ ದನಿಯಿಂದ ಶುರುವಾಗುತ್ತೆ. ಹಡಗು ಮುಳುಗೋ ರಾತ್ರಿ ಅವನನ್ನ ಎಬ್ಬಿಸೋದು ಬಿರುಗಾಳಿ. ನೀರಿನೊಳಗಿಂದ ಅವನು ಹಡಗು ಇಳಿಯೋದನ್ನ ನೋಡುವಾಗ ಯಾವ ಶಬ್ದ ಉಳಿದಿದೆ, ಯಾವುದು ಹೋಗಿದೆ ಅಂತ ಸೆಕೆಂಡು ಹಿಡಿದು ಬರೀರಿ.

ಥೀಮಿಗೆ ‘ಧೈರ್ಯ, ನಂಬಿಕೆ’ ಅಂತ ಹಾಕಿ ಕೈ ತೊಳ್ಕೋಬೇಡಿ. ಸಸ್ಯಾಹಾರಿ ಹುಡುಗ ಮೀನನ್ನ ಬಡಿದು ಕೊಂದು, ಅಳ್ತಾ, ಮೀನಿನ ರೂಪದಲ್ಲಿ ಬಂದದ್ದಕ್ಕೆ ವಿಷ್ಣುವಿಗೆ ಕೃತಜ್ಞತೆ ಹೇಳ್ತಾನಲ್ಲ, ಅಲ್ಲಿದೆ ಥೀಮು: ಬದುಕೋಕೆ ಮಾಡಿದ್ದನ್ನ ಯಾವ ಕಥೆಯಲ್ಲಿ ಸುತ್ತಿಟ್ಟುಕೊಳ್ಳೋದು? (ಹಾರುವ ಮೀನುಗಳು ಫ್ರೇಮಿನ ಕಪ್ಪು ಪಟ್ಟಿ ದಾಟಿ ಹೊರಗೆ ಜಿಗಿಯೋದು ಮಜವಾಗಿದೆ, ಆದರೆ ಅದಕ್ಕೆ ಪ್ಯಾರಾ ದಂಡ ಮಾಡಬೇಡಿ.)

ಅತಿ ಹೆಚ್ಚು ಜಾಗ ಆಸ್ಪತ್ರೆಯ ದೃಶ್ಯಕ್ಕೆ. ಮೊದಲ ಕಥೆಗೆ 227 ದಿನಗಳ ಸಮುದ್ರವಿಡೀ ಚಿತ್ರವಾಗಿ ಬಂತು. ಎರಡನೆಯದಕ್ಕೆ ಫ್ಲ್ಯಾಶ್‌ಬ್ಯಾಕ್ ಇಲ್ಲ, ದೋಣಿ ಇಲ್ಲ, ಹುಡುಗ ಪೈ ಆಗಿರೋ ಸೂರಜ್ ಶರ್ಮಾ ಮುಖ ಮತ್ತು ದನಿ ಅಷ್ಟೇ. ಕೊಲೆಗಳನ್ನ ನಾವು ನೋಡೋದಿಲ್ಲ, ಕೇಳ್ತೀವಿ. ಮಾತು ತಡವರಿಸೋ ಜಾಗಗಳನ್ನ ಸ್ಟಾಪ್‌ವಾಚ್ ಇಟ್ಟು ಅಳೆಯಿರಿ. ನೀವು ಆರು ಪುಟ ಬರೆದ್ರೆ ಎರಡು ಇದಕ್ಕೇ ಹೋಗಲಿ. ದ್ವೀಪಕ್ಕೆ ಅರ್ಧ ಪುಟ, ಅದೂ ತಾವರೆಯಂಥ ಹೂವಿನೊಳಗೆ ಸಿಗೋ ಹಲ್ಲಿನ ಮಟ್ಟಿಗೆ.